ಬಟ್ಟಿ ಪಾತ್ರೆಯ ಹೀಟರ್ ಕಾಯಿಲ್‌ಗೆ ಕವರ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪನ್ನೀರು, ಮಜ್ಜಿಗೆ ಹುಲ್ಲಿನ ಎಣ್ಣೆ, ಲಾವಂಚದ ನೀರು, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಇವನ್ನೆಲ್ಲ ಮನೆಯಲ್ಲೇ ಬಟ್ಟಿ ಇಳಿಸುವವರಲ್ಲಿ ಕೆಲವರು ಸೌದೆ, ಗ್ಯಾಸ್ ಬಿಟ್ಟು ಕರೆಂಟ್ ಕಾಯಿಲ್‌ಗೆ ಬರುತ್ತಾರೆ. ಹೊಗೆ ಇಲ್ಲ, ಕಾವು ಒಂದೇ ಸಮ. ಆದರೆ ಪಾತ್ರೆಯ ಹೊರಗೆ ಚಾಚಿಕೊಂಡಿರುವ ಆ ಎರಡು ತಿರುಪುಗಳ, ಅಂದರೆ ವೈರ್ ಕಟ್ಟುವ ಟರ್ಮಿನಲ್‌ಗಳ ಬಗ್ಗೆ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಮಾತಿನಲ್ಲಿ, ಪತ್ರದಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಬೇರೆ ಹೇಳದಿದ್ದರೆ ಲೆಕ್ಕವೆಲ್ಲ 20ರಿಂದ 50 ಲೀಟರಿನ ಸ್ಟೀಲ್ ಪಾತ್ರೆ, 1500ರಿಂದ 3000 ವ್ಯಾಟ್ ಕಾಯಿಲ್, ನಮ್ಮ 230 ವೋಲ್ಟ್ ಸಿಂಗಲ್ ಫೇಸ್ ಕರೆಂಟಿಗೆ.

## ಮೊದಲು ಕೇಳುವ ಪ್ರಶ್ನೆಗಳು

ಕಾಯಿಲ್ ಇರೋದು ಒಳಗೆ ನೀರಲ್ಲಿ. ಹೊರಗೆ ಎರಡು ತುದಿ ಮಾತ್ರ ಕಾಣುತ್ತೆ. ಅಷ್ಟಕ್ಕೆ ಕವರ್ ಬೇಕಾ?

ಬೇಕು. ಆ ಎರಡು ತುದಿಯಲ್ಲಿ ಒಂದು ಫೇಸ್. ಅದಕ್ಕೆ ಯಾವ ಹೊದಿಕೆಯೂ ಇಲ್ಲ, ಬರಿ ಲೋಹ. ಬಟ್ಟಿ ಇಳಿಸುವ ಜಾಗದಲ್ಲಿ ನೆಲ ಒದ್ದೆ, ಕೈ ಒದ್ದೆ. ಆವಿಯನ್ನು ತಣಿಸುವ ಕಂಡೆನ್ಸರ್‌ಗೆ ತಣ್ಣೀರು ಹೋಗುವ ಪೈಪ್ ಪಕ್ಕದಲ್ಲೇ ಇರುತ್ತದೆ. ಆ ಪೈಪ್ ಒಂದು ಸಲ ಕಳಚಿ ನೀರು ಚಿಮ್ಮಿದರೆ ಸಾಕು.

ಕವರ್ ಮಾಡುವ ಕೆಲಸ ಮೂರು. ಬೆರಳು ಒಳಗೆ ಹೋಗದಂತೆ ತಡೆಯುವುದು, ನೀರು ಬೀಳದಂತೆ ನೋಡಿಕೊಳ್ಳುವುದು, ಕೇಬಲ್ ಎಳೆದರೂ ತಿರುಪಿನ ಮೇಲೆ ಭಾರ ಬೀಳದಂತೆ ಹಿಡಿಯುವುದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕತ್ತಲಲ್ಲಿ ಯಾರೋ ಕೇಬಲ್ ಎಡವುತ್ತಾರೆ, ವೈರ್ ಕಳಚಿ ಪಾತ್ರೆಗೆ ತಾಗುತ್ತದೆ. ಆಗ ಇಡೀ ಪಾತ್ರೆಯೇ ಫೇಸ್.

ಹಾಗಂತ ಕವರ್ ಒಂದಿದ್ದರೆ ಆಯಿತು ಅಂತಲ್ಲ. ಮೊದಲು ಅರ್ಥಿಂಗ್, ಆಮೇಲೆ ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್, ಮೂರನೆಯದು ಕವರ್. ಅರ್ಥಿಂಗ್ ಇಲ್ಲದೆ ಚೆಂದದ ಕವರ್ ಹಾಕಿದವರನ್ನು ಕಂಡರೆ ಕವರ್ ಇಲ್ಲದವರಿಗಿಂತ ಜಾಸ್ತಿ ಭಯವಾಗುತ್ತದೆ. ಅವರು ಧೈರ್ಯವಾಗಿ ಪಾತ್ರೆ ಮುಟ್ಟುತ್ತಾರೆ.

ಗೀಸರ್ ಕಾಯಿಲನ್ನೇ ತಂದು ಹಾಕಿದ್ದೀನಿ. ಗೀಸರ್‌ನಲ್ಲಿ ಇಂಥ ಕವರ್ ಇರಲ್ವಲ್ಲ?

ಗೀಸರ್‌ನ ಹೊರಮೈಯೇ ಅಲ್ಲಿ ಕವರ್. ಟರ್ಮಿನಲ್ ಇರುವ ಭಾಗವನ್ನು ಮುಚ್ಚಳ ಹಾಕಿ, ತಿರುಪು ಬಿಗಿದು ಕಳಿಸಿರುತ್ತಾರೆ. ಸ್ಪೇರ್ ಆಗಿ ಅಂಗಡಿಯಲ್ಲಿ ಸಿಗುವ ಕಾಯಿಲ್‌ಗೆ ಆ ಹೊರಮೈ ಬರುವುದಿಲ್ಲ. ಗೀಸರ್ ಗೋಡೆಯ ಮೇಲೆ ಎತ್ತರದಲ್ಲಿರುತ್ತದೆ, ನಿಮ್ಮ ಪಾತ್ರೆ ಮೊಣಕಾಲಿನ ಮಟ್ಟದಲ್ಲಿ, ಮಕ್ಕಳ ಕೈಗೆ ಎಟುಕುವಂತೆ.

ಬಕೆಟ್‌ಗೆ ಹಾಕೋ ರಾಡನ್ನೇ ಮುಚ್ಚಳದಲ್ಲಿ ತೂತು ಮಾಡಿ ಇಳಿಸಿದ್ರೆ ಆಗಲ್ವಾ? ಅದಕ್ಕೆ ಪ್ಲಾಸ್ಟಿಕ್ ತಲೆ ಇದ್ದೇ ಇದೆ.

ಬೇಡ. ಆ ತಲೆ ತೆರೆದ ಬಕೆಟ್ಟಿಗೆ ಅಂತ ಮಾಡಿದ್ದು. ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ 100 ಡಿಗ್ರಿ ಆವಿ ಅದಕ್ಕೆ ಬಡಿಯುತ್ತದೆ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆವಿ ಸಂದಿನಿಂದ ಒಳಹೋಗಿ ಟರ್ಮಿನಲ್ ಹತ್ತಿರವೇ ನೀರಾಗುತ್ತದೆ. ಜೊತೆಗೆ ನೀರು ಇಳಿದಂತೆ ರಾಡಿನ ಮೇಲ್ಭಾಗ ನೀರಿನಿಂದ ಹೊರಬಂದು ಒಣಗಿ ಸುಡುತ್ತದೆ. ಪಾತ್ರೆಯ ಪಕ್ಕದಲ್ಲಿ, ತಳಕ್ಕೆ ಹತ್ತಿರ, ಅಡ್ಡಲಾಗಿ ಕೂರುವ ಕಾಯಿಲ್ಲೇ ಸರಿ.

ಇದೇ ಪಾತ್ರೆಯಲ್ಲಿ ಸಾರಾಯಿ ಇಳಿಸಬಹುದಾ? ಸುಮ್ನೆ ತಿಳ್ಕೊಳ್ಳೋಕೆ.

ಎಲ್ಲರೂ ಸುಮ್ನೆ ತಿಳಿದುಕೊಳ್ಳೋಕೇ ಕೇಳುತ್ತಾರೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಸಾರಾಯಿ ಮಾರಾಟವೇ 2007ರ ಜುಲೈ 1ರಿಂದ ನಿಂತಿದೆ. ನ್ಯೂಜಿಲೆಂಡ್‌ನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಇಳಿಸಬಹುದು, ಆದರೆ ಅದು ಅಲ್ಲಿನ ಕಾನೂನು. ಕಾನೂನು ಬದಿಗಿಟ್ಟರೂ ಮದ್ಯದ ಆವಿಗೆ ಬೆಂಕಿ ಹತ್ತುತ್ತದೆ, ಸಡಿಲ ಟರ್ಮಿನಲ್‌ನಲ್ಲಿ ಹಾರುವ ಒಂದು ಕಿಡಿ ಸಾಕು. ಇಲ್ಲಿ ಹೇಳಿರುವುದು ನೀರಿಗೆ, ಹೂವಿಗೆ, ಸೊಪ್ಪಿಗೆ, ಬೇರಿಗೆ ಮಾತ್ರ.

ಎಷ್ಟು ದಪ್ಪದ ವೈರ್, ಯಾವ ಪ್ಲಗ್?

ವ್ಯಾಟನ್ನು 230ರಿಂದ ಭಾಗಿಸಿ. 1500 ವ್ಯಾಟ್‌ಗೆ 6.5 ಆಂಪ್, 2000ಕ್ಕೆ 8.7, 3000ಕ್ಕೆ 13 ಆಂಪ್. ಅಂದರೆ ಟಿವಿ, ಮಿಕ್ಸಿಯ ಸಣ್ಣ ಪ್ಲಗ್ ಇದಕ್ಕಲ್ಲ. ದೊಡ್ಡ ಮೂರು ಪಿನ್ನಿನ 16 ಆಂಪ್ ಪವರ್ ಪ್ಲಗ್ ಬೇಕು. ಅಂಗಡಿಯಲ್ಲಿ 2.5 ಎಂಎಂ ಎಂದು ಕೊಡುವ, ಅಂದರೆ 2.5 ಚದರ ಮಿ.ಮೀ. ತಾಮ್ರದ ಮೂರು ಕೋರ್ ಕೇಬಲ್ ಸಾಕು. ಬೋರ್ಡಿನಿಂದ ಕೊಟ್ಟಿಗೆವರೆಗೆ ದೂರ ಎಳೆಯುವುದಾದರೆ 4 ಎಂಎಂ ಹಾಕಿ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಸ್ವಿಚ್ ಮಾತ್ರ ಗೀಸರ್‌ಗೆ ಹಾಕುವ ಡಿಪಿ ಸ್ವಿಚ್ ಆಗಿರಲಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಮಾಮೂಲಿ ಸ್ವಿಚ್ ಒಂದನ್ನೇ ಕಡಿಯುತ್ತದೆ. ಎಲ್ಲೋ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಮಾಡಿದರೂ ಕಾಯಿಲ್ ತುದಿಯಲ್ಲಿ ಕರೆಂಟ್ ಕೂತಿರುತ್ತದೆ. ಆದ್ದರಿಂದ ಕವರ್ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಪಿನ್ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಟ್ಟುಕೊಳ್ಳಿ.

ಎಂಸಿಬಿ ಇದೆ. ಅದು ಸಾಕಲ್ವಾ?

ಎಂಸಿಬಿ ಇರುವುದು ವೈರ್ ಉಳಿಸೋಕೆ, ನಿಮ್ಮನ್ನಲ್ಲ. 16 ಆಂಪ್ ಎಂಸಿಬಿ 16 ದಾಟಿದರಷ್ಟೇ ಯೋಚನೆ ಮಾಡುತ್ತದೆ. ಮನುಷ್ಯನ ಮೈಯಲ್ಲಿ ಹರಿದು ಜೀವ ತೆಗೆಯಲು ಅದರ ನೂರನೇ ಒಂದು ಭಾಗವೂ ಬೇಕಿಲ್ಲ. ಆರ್‌ಸಿಸಿಬಿ ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪ್ ಮುಟ್ಟುವಷ್ಟರಲ್ಲಿ ಕಡಿಯುತ್ತದೆ. ಕೊಳ್ಳುವಾಗ 30 ಮಿಲಿ ಆಂಪ್ ಎಂದೇ ಕೇಳಿ. 100, 300ರದ್ದೂ ಸಿಗುತ್ತದೆ, ಅವು ಈ ಕೆಲಸಕ್ಕಲ್ಲ. ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ನಮ್ಮದು ಹಳೇ ಮನೆ. ಅರ್ಥ್ ಇದೆಯೋ ಇಲ್ವೋ ಗೊತ್ತಿಲ್ಲ. ಆರ್‌ಸಿಸಿಬಿ ಇದ್ದರೆ ನಡೆಯುತ್ತಾ?

ಅರ್ಥ್ ಇದ್ದರೆ ಕಾಯಿಲ್ ಸೋರಿದ ಕ್ಷಣವೇ ಕರೆಂಟ್ ಆ ದಾರಿ ಹಿಡಿದು, ಆರ್‌ಸಿಸಿಬಿ ಆಗಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಪಾತ್ರೆ ಫೇಸ್ ಆಗಿ ಕಾಯುತ್ತಿರುತ್ತದೆ, ನೀವು ಮುಟ್ಟಿದಾಗ ನಿಮ್ಮ ಮೂಲಕ ಹರಿದ ಮೇಲೆ ಬೀಳುತ್ತದೆ. ಎರಡರಲ್ಲೂ ಬೀಳುತ್ತದೆ ನಿಜ, ಶಾಕ್ ಯಾರಿಗೆ ಅನ್ನುವುದೇ ವ್ಯತ್ಯಾಸ.

ಹಳೇ ಮನೆಗಳಲ್ಲಿ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ವೈರೇ ಬಂದಿರುವುದಿಲ್ಲ. ಕೆಲವು ಕಡೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಎಳೆದು ಅರ್ಥ್ ಪಿನ್ನಿಗೆ ಸೇರಿಸಿರುತ್ತಾರೆ. ಇದು ಅರ್ಥ್ ಇಲ್ಲದ್ದಕ್ಕಿಂತ ಕೆಟ್ಟದ್ದು. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಪಾತ್ರೆಗೆ ನೇರ ಫೇಸ್ ಬರುತ್ತದೆ. ಎಲೆಕ್ಟ್ರಿಷಿಯನ್ ಕರೆದು ಈ ಸಾಕೆಟ್ ಒಂದನ್ನು ತೋರಿಸಿ, ಅರ್ಥ್ ಸರಿಯಾದ ಮೇಲೆ ಕಾಯಿಲ್ ಕೊಳ್ಳಿ. ನಲ್ಲಿ ಪೈಪಿಗೆ ಅರ್ಥ್ ಕಟ್ಟುವ ಕಾಲ ಮುಗಿಯಿತು, ಈಗ ಪೈಪೆಲ್ಲ ಪಿವಿಸಿ.

## ಕವರ್ ಆರಿಸುವುದು, ಕೂರಿಸುವುದು

ಪಿವಿಸಿ ಪೈಪಿನ ಎಂಡ್ ಕ್ಯಾಪ್ ಅಳತೆಗೆ ಸರಿಯಾಗಿ ಕೂರುತ್ತೆ. ಹಾಕಲಾ?

ಕೂರುತ್ತದೆ, ನಿಲ್ಲುವುದಿಲ್ಲ. ಪಿವಿಸಿ 80 ಡಿಗ್ರಿ ಹತ್ತಿರ ಬಂದಾಗ ಮೆತ್ತಗಾಗುತ್ತದೆ. ಕಾಯಿಲ್ಲಿನ ತಲೆ ನೀರು ಕುದಿಯುವಷ್ಟು ಬಿಸಿ ಇರುತ್ತದೆ. ಎರಡು ಮೂರು ಗಂಟೆ ಓಡಿದ ಮೇಲೆ ಕ್ಯಾಪ್ ಬಾಯಿ ಅಗಲ ಮಾಡಿಕೊಂಡು ಜಾರಿ ಬೀಳುತ್ತದೆ. ಬಿಳಿ ಎಬಿಎಸ್ ಪ್ಲಾಸ್ಟಿಕ್ಕಿನ ಜಂಕ್ಷನ್ ಬಾಕ್ಸ್ ಸ್ವಲ್ಪ ಮೇಲು, ಆದರೆ ಅದೂ 100ರ ಆಸುಪಾಸಿಗೆ ಸೋಲುತ್ತದೆ.

ನನ್ನ ಓಟು ಅಲ್ಯೂಮಿನಿಯಂ ಡೈ ಕಾಸ್ಟ್ ಜಂಕ್ಷನ್ ಬಾಕ್ಸ್‌ಗೆ. ಬೆಂಗಳೂರಿನಲ್ಲಾದರೆ ಎಸ್‌ಪಿ ರಸ್ತೆಯಲ್ಲಿ ಹುಡುಕಿ. ಬೇರೆ ಊರಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ, ಹಳೇ ಮೋಟರಿನ ಟರ್ಮಿನಲ್ ಬಾಕ್ಸ್ ಕೊಟ್ಟರೂ ಕೊಡಬಹುದು, ಅದು ಬಲು ಗಟ್ಟಿ. ಲೋಹದ ಡಬ್ಬಕ್ಕೆ ಒಂದೇ ಷರತ್ತು: ಡಬ್ಬಕ್ಕೂ ಅರ್ಥ್ ಕೊಡಲೇಬೇಕು. ಪ್ಲಾಸ್ಟಿಕ್ಕೇ ಬೇಕೆಂದರೆ ಪಾಲಿಕಾರ್ಬೊನೇಟ್ ತಗೊಳ್ಳಿ, ಅದು ಈ ಕಾವು ತಡೆಯುತ್ತದೆ.

ಡಬ್ಬ ಚಿಕ್ಕದು ಬೇಡ. ಒಳಗೆ ವೈರ್ ಮಡಚಲು ಜಾಗ ಬೇಕು. ಟರ್ಮಿನಲ್‌ಗೂ ಲೋಹದ ಮುಚ್ಚಳಕ್ಕೂ ನಡುವೆ ಎರಡು ಬೆರಳಿನಷ್ಟು ಅಂತರ ಇರಲಿ.

ಡಬ್ಬವನ್ನು ಪಾತ್ರೆಗೆ ಹಿಡಿಸೋದು ಹೇಗೆ? ಎಲ್ಲಿ ಹಿಡಿಸಿದರೂ ನೀರು ಸೋರುತ್ತೆ.

ನೂಲು, ಅಂದರೆ ತಿರುಪಿನ ಸುತ್ತುಗೆರೆ ಇರುವ ಕಾಯಿಲ್ಲುಗಳಲ್ಲಿ ಸಾಮಾನ್ಯವಾದದ್ದು ಒಂದೂಕಾಲು ಇಂಚಿನ ಬಿಎಸ್‌ಪಿ ಎಂಬ ಪೈಪ್ ನೂಲು. ಅದರ ಹೊರ ಅಳತೆ ಸುಮಾರು 42 ಮಿ.ಮೀ. ಡಬ್ಬದ ಬೆನ್ನಿಗೆ ಅದೇ ಅಳತೆಯ ಹೋಲ್ ಸಾ (ದುಂಡು ಗರಗಸ) ಇಂದ ತೂತು ಮಾಡಿದರೆ ಕಾಯಿಲ್ ಸಲೀಸಾಗಿ ತೂರುತ್ತದೆ. ಡಬ್ಬದ ಬೆನ್ನು ಕಾಯಿಲ್ಲಿನ ಷಟ್ಕೋನ ತಲೆಗೂ ಪಾತ್ರೆಯ ಸಾಕೆಟ್ಟಿಗೂ (ಕಾಯಿಲ್ ತಿರುಪಿ ಕೂರಿಸುವ ಬಾಯಿ) ನಡುವೆ ಸಿಕ್ಕಿಕೊಳ್ಳುತ್ತದೆ. ಬಿಗಿದರೆ ಡಬ್ಬ, ಕಾಯಿಲ್ ಎರಡೂ ಒಟ್ಟಿಗೆ ನಿಲ್ಲುತ್ತವೆ. ಬಹಳ ಜನ ಮಾಡುವುದು ಹೀಗೆ.

ಸೋರಿಕೆ ಶುರುವಾಗುವುದೂ ಇಲ್ಲೇ. ಡಬ್ಬ ಪ್ಲಾಸ್ಟಿಕ್ ಆದರೆ ಬಿಸಿಗೆ ಅದು ದಬ್ಬಿಕೊಂಡು ತೆಳ್ಳಗಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ನೀರು ತಡೆಯುವ ಗ್ಯಾಸ್ಕೆಟ್ ಬಿಡುತ್ತದೆ. ಸೋರಿದ ನೀರು ನೇರ ಡಬ್ಬದೊಳಕ್ಕೇ ಹೋಗುತ್ತದೆ. ಆದ್ದರಿಂದ ಹೀಗೆ ಸಿಕ್ಕಿಸುವುದಾದರೆ ಡಬ್ಬ ಲೋಹದ್ದೇ ಆಗಿರಬೇಕು. ಡಬ್ಬದ ಎರಡೂ ಬದಿಗೆ ಒಂದೊಂದು ಸಿಲಿಕೋನ್ ವಾಷರ್ ಹಾಕಿ.

ಇದಕ್ಕಿಂತ ಒಳ್ಳೆಯ ದಾರಿ ನೀರು ತಡೆಯುವ ಕೆಲಸ, ಡಬ್ಬ ಹಿಡಿಯುವ ಕೆಲಸ ಬೇರೆ ಬೇರೆ ಮಾಡುವುದು. ಕಾಯಿಲ್ ತನ್ನ ಗ್ಯಾಸ್ಕೆಟ್ ಜೊತೆ ನೇರ ಪಾತ್ರೆಗೆ ಕೂರಲಿ. ಸಾಕೆಟ್ಟಿನ ಎರಡು ಪಕ್ಕ ಚಿಕ್ಕ ಸ್ಟೀಲ್ ಪಟ್ಟಿ ವೆಲ್ಡ್ ಮಾಡಿಸಿ, ಡಬ್ಬವನ್ನು ಅದಕ್ಕೆ ತಿರುಪಿನಲ್ಲಿ ಬಿಗಿಯಿರಿ. ಆಗ ಡಬ್ಬದ ತೂತು ತಲೆಗಿಂತ ಸ್ವಲ್ಪ ದೊಡ್ಡದಿರಲಿ. ಪಾತ್ರೆಗೆ ಸಾಕೆಟ್ ಹಾಕುವ ವೆಲ್ಡರ್ ಬಳಿ ಅದೇ ದಿನ ಹೇಳಿದರೆ ಹತ್ತು ನಿಮಿಷದ ಕೆಲಸ. ಆಮೇಲೆ ಹೇಳಿದರೆ ಇಡೀ ಪಾತ್ರೆ ಮತ್ತೆ ಹೊತ್ತುಕೊಂಡು ಹೋಗಬೇಕು.

ಟರ್ಮಿನಲ್‌ಗೆ ವೈರ್ ಸುತ್ತಿ ನಟ್ ಬಿಗಿದರೆ ಸಾಕಾ, ಇಲ್ಲ ಸೋಲ್ಡರ್ ಮಾಡಬೇಕಾ?

ಎರಡೂ ಬೇಡ. ಸುತ್ತಿದ ವೈರಿನ ಎಳೆಗಳು ನಟ್ ತಿರುಗುವಾಗ ಹೊರಗೆ ಹರಡುತ್ತವೆ, ಅರ್ಧ ಎಳೆ ಮಾತ್ರ ಒಳಗಿರುತ್ತವೆ. ಸೋಲ್ಡರ್ ಬಿಸಿಗೂ ಒತ್ತಡಕ್ಕೂ ನಿಧಾನಕ್ಕೆ ಸರಿಯುತ್ತದೆ, ಕೆಲವು ವಾರದಲ್ಲಿ ನಟ್ ಸಡಿಲ. ಸಡಿಲ ಜಾಗದಲ್ಲಿ 10 ಆಂಪ್ ಹರಿದರೆ ಕಾಯಿಲ್ ಒಳಗಿಗಿಂತ ಹೊರಗೇ ಮೊದಲು ಕೆಂಪಾಗುತ್ತದೆ.

ಉಂಗುರದ ಥಿಂಬಲ್, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಾಯಿ ತನ್ನಿ. ವೈರಿನ ಅಳತೆಯದೇ ಇರಲಿ. ಕಟಿಂಗ್ ಪ್ಲೈಯರ್‌ನಲ್ಲಿ ಚಪ್ಪಟೆ ಮಾಡದೆ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿ, ಆಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಕಾಯಿಲ್ಲಿನ ತಿರುಪುಕಡ್ಡಿಯ ಬುಡದಲ್ಲಿ ಒಂದು ನಟ್ ಇರುತ್ತದೆ. ಮೇಲಿನ ನಟ್ ಬಿಗಿಯುವಾಗ ಬುಡದ್ದನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಳ್ಳಲೇಬೇಕು. ಹಿಡಿಯದಿದ್ದರೆ ಕಡ್ಡಿಯೇ ತಿರುಗಿ ಒಳಗಿನ ಜೋಡಣೆ ಕಟ್ಟಾಗುತ್ತದೆ. ಹೊಸ ಕಾಯಿಲ್ ಹಾಕಿದ ದಿನವೇ ಸತ್ತಿದೆ ಎಂದು ವಾಪಸ್ ಕೊಡಲು ಹೋಗುವವರಲ್ಲಿ ಕೆಲವರ ಕಥೆ ಇಷ್ಟೇ. ಥಿಂಬಲ್, ಸಾದಾ ವಾಷರ್, ಸ್ಪ್ರಿಂಗ್ ವಾಷರ್, ನಟ್ ಈ ಕ್ರಮದಲ್ಲಿ ಹಾಕಿ.

ಡಬ್ಬದೊಳಗೆ ಮಾಮೂಲಿ ಮನೆ ವೈರಿಂಗ್ ವೈರ್ ನಡೆಯುತ್ತಾ?

ಮಾಮೂಲಿ ಪಿವಿಸಿ ವೈರಿನ ಹೊದಿಕೆ 70 ಡಿಗ್ರಿಗೆ ಲೆಕ್ಕ ಹಾಕಿದ್ದು. ಟರ್ಮಿನಲ್ ಪಕ್ಕ ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದು ಸೀಸನ್ ಕಳೆದ ಮೇಲೆ ಮುಟ್ಟಿದರೆ ಹೊದಿಕೆ ಹಪ್ಪಳದ ಹಾಗೆ ಮುರಿಯುತ್ತದೆ. ಡಬ್ಬದೊಳಗಿನ ಕೊನೆಯ ತುಂಡಿಗೆ ಸಿಲಿಕೋನ್ ರಬ್ಬರ್ ವೈರ್ ಹಾಕಿ, 180 ಡಿಗ್ರಿ ತಡೆಯುತ್ತದೆ. ಸಿಗದಿದ್ದರೆ ಇರುವ ವೈರಿಗೇ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರ ಹತ್ತಿರ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಮಾತ್ರ ಡಬ್ಬದೊಳಗೆ ಬೇಡ, ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಅರ್ಥ್ ವೈರ್ ಎಲ್ಲಿಗೆ ಕಟ್ಟಬೇಕು? ಕಾಯಿಲ್ ನೂಲಿನಲ್ಲೇ ಪಾತ್ರೆಗೆ ತಾಗಿರುತ್ತಲ್ಲ?

ನೂಲಿಗೆ ಟೆಫ್ಲಾನ್ ಟೇಪ್ ಸುತ್ತಿರುತ್ತೀರಿ, ನಡುವೆ ರಬ್ಬರ್ ಇರುತ್ತದೆ. ಅದನ್ನು ನಂಬಬೇಡಿ. ಪಾತ್ರೆಗೆ ಒಂದು ಬೋಲ್ಟ್ ವೆಲ್ಡ್ ಮಾಡಿಸಿ, ಹಸಿರು ವೈರ್ ಅಲ್ಲಿಗೆ. ಅಲ್ಲಿಂದ ಇನ್ನೊಂದು ತುಂಡು ಡಬ್ಬಕ್ಕೆ. ಡಬ್ಬಕ್ಕೆ ಪೇಂಟ್ ಇದ್ದರೆ ಬೋಲ್ಟ್ ಕೂರುವ ಜಾಗದಲ್ಲಿ ಕೆರೆದು ಲೋಹ ಕಾಣುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ. ಮುಚ್ಚಳ ಹಿಂಜಿನಲ್ಲಿ ತೂಗುವುದಾದರೆ ಅದಕ್ಕೂ ಒಂದು ತುಂಡು ಬೇಕು.

ಒಂದು ಸಣ್ಣ ಕಿವಿಮಾತು. ಡಬ್ಬದೊಳಗೆ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಒಂದೆರಡು ಇಂಚು ಉದ್ದ ಬಿಡಿ. ಕೇಬಲ್ ಕಿತ್ತು ಬಂದರೂ ಕೊನೆಗೆ ಬಿಡುವುದು ಅರ್ಥ್ ಆಗಿರಬೇಕು.

ನೀರು ಹೋಗದ ಹಾಗೆ ಡಬ್ಬ ಪೂರ್ತಿ ಸಿಲಿಕೋನ್ ಹಾಕಿ ಸೀಲ್ ಮಾಡಿಬಿಡಲಾ?

ಮೇಲಿಂದ, ಪಕ್ಕದಿಂದ ನೀರು ಹೋಗದಂತೆ ಮಾಡಿ. ಕೆಳಗೆ ಮಾತ್ರ 3-4 ಮಿ.ಮೀ. ತೂತು ಒಂದಿರಲಿ. ಗ್ಯಾಸ್ಕೆಟ್ ಎಂದಾದರೂ ಸೋರಿದರೆ ಆ ತೂತಿನಿಂದ ಹನಿ ಬಿದ್ದು ಗೊತ್ತಾಗುತ್ತದೆ. ಪೂರ್ತಿ ಮುಚ್ಚಿದ ಡಬ್ಬ ಸೋರಿದ ನೀರನ್ನು ಒಳಗೇ ತುಂಬಿಕೊಳ್ಳುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಬಿಚ್ಚಲು ಬಾರದಂತೆ ಅಂಟಿಸಿದರೆ ಟರ್ಮಿನಲ್ ಸಡಿಲವಾಗಿದೆಯೇ ಎಂದು ನೋಡುವ ದಾರಿಯೂ ಇಲ್ಲ.

ಕೇಬಲ್ ಡಬ್ಬದೊಳಗೆ ಹೋಗುವಲ್ಲಿ ಅದನ್ನು ಬಿಗಿಯಾಗಿ ಹಿಡಿಯುವ ನೈಲಾನ್ ಗ್ಲ್ಯಾಂಡ್ ಹಾಕಿ. ಪಿಜಿ 13.5 ಎಂಬ ಅಳತೆ 6ರಿಂದ 12 ಮಿ.ಮೀ. ದಪ್ಪದ ಕೇಬಲ್ ಹಿಡಿಯುತ್ತದೆ, ನಮ್ಮ ಮೂರು ಕೋರ್ ಅದರಲ್ಲಿ ಬರುತ್ತದೆ. ಗ್ಲ್ಯಾಂಡ್ ಡಬ್ಬದ ಕೆಳಬದಿಯಲ್ಲಿರಲಿ. ಕೇಬಲ್ ಮೊದಲು ಕೆಳಗಿಳಿದು ಬಳುಕಿ ಆಮೇಲೆ ಮೇಲೆ ಸಾಕೆಟ್ಟಿಗೆ ಹೋಗಲಿ. ಕೇಬಲ್ ಗುಂಟ ಹರಿದು ಬರುವ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

## ಸ್ವಲ್ಪ ಕೈ ಪಳಗಿದವರು ಕೇಳುವುದು

ಮಳೆಗಾಲ ಕಳೆದು ಮೊದಲ ಸಲ ಹಾಕಿದರೆ ಆರ್‌ಸಿಸಿಬಿ ಬೀಳುತ್ತೆ. ಹೋದ ವರ್ಷ ಸರಿ ಇತ್ತು.

ಮಲೆನಾಡು, ಕರಾವಳಿಯಿಂದ ಈ ಪ್ರಶ್ನೆ ಖಾಯಂ. ಕಾಯಿಲ್ಲಿನ ಹೊರ ಕೊಳವೆಗೂ ಒಳಗಿನ ನಿಕ್ರೋಮ್ ತಂತಿಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕಾವು ದಾಟಿಸುತ್ತದೆ, ಕರೆಂಟ್ ತಡೆಯುತ್ತದೆ, ಆದರೆ ತೇವ ಹೀರಿಕೊಳ್ಳುತ್ತದೆ. ತುದಿಯ ಸೀಲ್ ಹಳತಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವವೆಲ್ಲ ಅದಕ್ಕೆ ಹೋಗುತ್ತದೆ. ತೇವ ಸೇರಿದ ಪುಡಿ ಕರೆಂಟನ್ನು ಸ್ವಲ್ಪ ಸ್ವಲ್ಪ ಹೊರ ಕೊಳವೆಗೆ ಬಿಡುತ್ತದೆ. ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತಿದೆ, ಬೈಯಬೇಡಿ.

ಕೆಲವರು ಕೊಡುವ ಸಲಹೆ: ಆರ್‌ಸಿಸಿಬಿ ತಪ್ಪಿಸಿ ನೇರ ಒಂದರ್ಧ ಗಂಟೆ ಓಡಿಸಿ, ಬಿಸಿಗೆ ತಾನೇ ಒಣಗುತ್ತದೆ. ದಯವಿಟ್ಟು ಬೇಡ. ಕಾಯಿಲ್ ಬಿಚ್ಚಿ, ಒರೆಸಿ, ಒಂದೆರಡು ದಿನ ಬಿಸಿಲಿಗಿಡಿ. ಓವನ್ ಇದ್ದರೆ 100 ಡಿಗ್ರಿಗಿಂತ ಸ್ವಲ್ಪ ಮೇಲೆ ಕೆಲವು ಗಂಟೆ ಇಟ್ಟರೆ ಚೆನ್ನಾಗಿ ಒಣಗುತ್ತದೆ. ಆಮೇಲೂ ಬಿದ್ದರೆ ಕೊಳವೆಗೇ ಬಿರುಕು ಬಂದಿದೆ, ಎಸೆಯಿರಿ. ಮುಂದಿನ ವರ್ಷದಿಂದ ಮಳೆಗಾಲಕ್ಕೆ ಮುಂಚೆ ಕಾಯಿಲ್ ಬಿಚ್ಚಿ ಡಬ್ಬಿಯಲ್ಲಿಡಿ.

ಮಲ್ಟಿಮೀಟರ್‌ನಲ್ಲಿ ನೋಡಿದರೆ ಎಲ್ಲ ಸರಿ ಇದೆ ಅನ್ನುತ್ತೆ. ಆದರೂ ಬೀಳುತ್ತೆ, ಯಾಕೆ?

ಮಲ್ಟಿಮೀಟರ್ ಕೆಲವೇ ವೋಲ್ಟ್ ಕೊಟ್ಟು ಅಳೆಯುತ್ತದೆ. ಅಷ್ಟಕ್ಕೆ ತೇವ ಬಾಯಿ ಬಿಡುವುದಿಲ್ಲ. ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿದರೆ ಗೊತ್ತಾಗುತ್ತದೆ. ಟರ್ಮಿನಲ್‌ಗೂ ಕೊಳವೆಗೂ ನಡುವೆ ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಕಾಯಿಲ್ ಹಾಕಬೇಡಿ. ಮೆಗ್ಗರ್ ಕೊಳ್ಳಬೇಕಿಲ್ಲ, ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಇರುತ್ತದೆ.

ಮಲ್ಟಿಮೀಟರ್ ಬೇರೆ ಕೆಲಸಕ್ಕೆ ಉಪಯೋಗ. ಎರಡು ಟರ್ಮಿನಲ್ ನಡುವೆ 1500 ವ್ಯಾಟ್ ಕಾಯಿಲ್ 35 ಓಮ್ ತೋರಿಸಬೇಕು, 2000ದ್ದು 26, 3000ದ್ದು 18ರ ಹತ್ತಿರ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಮುಟ್ಟಿದರೆ ಕವರ್ ತುಂಬಾ ಬಿಸಿ. ಒಂದು ಟರ್ಮಿನಲ್ ಕಡೆ ಕಂದು ಬಣ್ಣ ಬೇರೆ.

ಡಬ್ಬ ಎಲ್ಲ ಕಡೆ ಒಂದೇ ಸಮ ಬಿಸಿ ಇದ್ದರೆ ಅದು ಪಾತ್ರೆಯ ಕಾವು. ಡಬ್ಬಕ್ಕೂ ಪಾತ್ರೆಗೂ ನಡುವೆ ಒಂದು ಬೆರಳು ಸಂದು ಬಿಟ್ಟರೆ ಇಳಿಯುತ್ತದೆ. ಪಾತ್ರೆಗೆ ಗೋಣಿ, ಗ್ಲಾಸ್‌ವುಲ್ ಸುತ್ತುವವರು ಡಬ್ಬವನ್ನು ಅದರೊಳಗೆ ಮುಚ್ಚಬಾರದು.

ಒಂದೇ ಕಡೆ ಕಂದು ಬಂದಿದ್ದರೆ ಕಥೆ ಬೇರೆ, ಆ ಜೋಡಣೆ ಸಡಿಲ. ಬರಿ ನಟ್ ಬಿಗಿದರೆ ಸಾಲದು. ಒಮ್ಮೆ ಸುಟ್ಟ ಥಿಂಬಲ್ ಮತ್ತೆ ಸರಿಯಾಗಿ ಕಚ್ಚುವುದಿಲ್ಲ. ಕಪ್ಪಾದಷ್ಟು ವೈರ್ ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಹೊಸ ಥಿಂಬಲ್ ಹಾಕಿ. ಹೊಸ ಜೋಡಣೆಯನ್ನು ಮೊದಲ ಸಲ ಓಡಿಸಿ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಕಾದು ಆರುವಾಗ ಲೋಹ ಹಿಗ್ಗಿ ಕುಗ್ಗಿ ಸ್ವಲ್ಪ ಜಾಗ ಮಾಡಿಕೊಳ್ಳುತ್ತದೆ.

ನಮ್ಮೂರಲ್ಲಿ ಸಂಜೆ 180 ವೋಲ್ಟ್. 2000 ವ್ಯಾಟ್ ಸಾಲ್ತಿಲ್ಲ ಅಂತ 3000ದ್ದು ಹಾಕಲಾ?

180 ವೋಲ್ಟ್‌ಗೆ 2000 ವ್ಯಾಟ್ ಕಾಯಿಲ್ ಕೊಡುವುದು ಬರಿ 1200 ಚಿಲ್ಲರೆ. ವೋಲ್ಟೇಜ್ ಇಳಿದದ್ದಕ್ಕಿಂತ ಜಾಸ್ತಿ ಕಾವು ಇಳಿಯುತ್ತದೆ. 3000ದ್ದು ಹಾಕಬಹುದು, ಆದರೆ ವೈರ್, ಪ್ಲಗ್, ಥಿಂಬಲ್ ಎಲ್ಲ ಪೂರ್ತಿ 230 ವೋಲ್ಟಿನ 13 ಆಂಪ್‌ಗೇ ಇರಬೇಕು. ಬೆಳಗಿನ ಜಾವ ವೋಲ್ಟೇಜ್ ಏರಿಯೇ ಏರುತ್ತದೆ. ಕಾವು ಇಳಿಸಲು ಫ್ಯಾನ್ ರೆಗ್ಯುಲೇಟರ್ ಬೇಡ, ಅದು ನೂರು ವ್ಯಾಟ್ ಆಸುಪಾಸಿನ ಫ್ಯಾನಿಗೆ ಮಾಡಿದ್ದು. 1500ರ ಎರಡು ಕಾಯಿಲ್ ಹಾಕಿ ಬೇರೆ ಬೇರೆ ಸ್ವಿಚ್ ಕೊಡುವುದು ಸರಳ. ಕುದಿ ಬರುವವರೆಗೆ ಎರಡು, ಆಮೇಲೆ ಒಂದು. ಎರಡಕ್ಕೂ ಬೇರೆ ಕವರ್, ಬೇರೆ ಕೇಬಲ್.

ನಾನು ಅಮೆರಿಕದಲ್ಲಿದ್ದೀನಿ. ಲ್ಯಾವೆಂಡರ್ ನೀರು ಇಳಿಸೋಕೆ 5500 ವ್ಯಾಟ್ ಕಾಯಿಲ್ ತಗೊಂಡೆ. ಇದೇ ಲೆಕ್ಕ ಅಲ್ಲಿಗೂ ಆಗುತ್ತಾ?

ಕವರ್ ಕೂರಿಸುವ ರೀತಿ ಅದೇ, ಕರೆಂಟಿನ ಲೆಕ್ಕ ಬೇರೆ. ಅಲ್ಲಿನ 240 ವೋಲ್ಟ್ ಲೈನಿನಲ್ಲಿ ಎರಡೂ ವೈರ್ ಫೇಸೇ, ಟರ್ಮಿನಲ್ ಎರಡೂ ಶಾಕ್ ಹೊಡೆಯುತ್ತವೆ. 5500 ವ್ಯಾಟ್ ಅಂದರೆ 23 ಆಂಪ್. 10 ಗೇಜ್ ತಾಮ್ರದ ವೈರ್, 30 ಆಂಪ್ ಡಬಲ್ ಪೋಲ್ ಬ್ರೇಕರ್ ಬೇಕು. ನಮ್ಮ ಆರ್‌ಸಿಸಿಬಿಯ ಜಾಗದಲ್ಲಿ ಅಲ್ಲಿ ಜಿಎಫ್‌ಸಿಐ, ಅದು 5 ಮಿಲಿ ಆಂಪ್ ಆಸುಪಾಸಿಗೇ ಬೀಳುತ್ತದೆ. ತೇವದ ಕಾಯಿಲ್ಲಿಗೆ ಇಲ್ಲಿಗಿಂತ ಬೇಗ ಬಿದ್ದರೆ ಗಾಬರಿಯಾಗಬೇಡಿ. ಕಾಯಿಲ್ಲಿನ ನೂಲೂ ಬೇರೆ, ಅಲ್ಲಿ ಸಾಮಾನ್ಯವಾದದ್ದು ಒಂದು ಇಂಚಿನ ನೇರ ನೂಲು. ಇಲ್ಲಿಂದ ಬಿಎಸ್‌ಪಿ ಸಾಕೆಟ್ ಇರುವ ಪಾತ್ರೆ ಹೊತ್ತುಕೊಂಡು ಹೋದರೆ ಅದು ಹಿಡಿಯುವುದಿಲ್ಲ. ನೀರು, ಸುಗಂಧ ಎಣ್ಣೆ ಇಳಿಸುವ ಪಾತ್ರೆ ಇಟ್ಟುಕೊಳ್ಳಲು ಅಲ್ಲಿನ ಕೇಂದ್ರ ಕಾನೂನಿನ ಅಡ್ಡಿ ಇಲ್ಲ. ರಾಜ್ಯಗಳ ನಿಯಮ ಬೇರೆ ಬೇರೆ ಇರುತ್ತದೆ, ನಿಮ್ಮ ರಾಜ್ಯದ್ದನ್ನು ಒಮ್ಮೆ ನೋಡಿಕೊಳ್ಳಿ.

ಎಲ್ಲ ಸರಿಯಾಗಿ ಓಡ್ತಿದೆ. ಆದರೂ ಕವರ್ ಬಿಚ್ಚಿ ನೋಡ್ತಾ ಇರಬೇಕಾ?

ಸೀಸನ್ ಶುರುವಿನಲ್ಲಿ ಒಮ್ಮೆ, ಮುಗಿದಾಗ ಒಮ್ಮೆ ನೋಡಿ. ಬೋರ್‌ವೆಲ್ ಗಡಸು ನೀರು ಹಾಕುವವರು ಇನ್ನೂ ಬೇಗ ಬೇಗ ನೋಡಬೇಕು. ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿ, ಕಾವು ನೀರಿಗೆ ಹೋಗದೆ ಒಳಗೇ ಉಳಿದು, ಕೊಳವೆ ಬಿರುಕು ಬಿಡುವುದು ಅಲ್ಲೇ ಜಾಸ್ತಿ. ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಪದರ ಬಿಡುತ್ತದೆ, ಆದರೆ ಟರ್ಮಿನಲ್ ಕಡೆಯನ್ನು ಮುಳುಗಿಸಬೇಡಿ.

ಡಬ್ಬ ಬಿಚ್ಚಿದಾಗ ಕಣ್ಣಿಗಿಂತ ಮೊದಲು ಮೂಗು ಹಾಕಿ. ಸುಟ್ಟ ವಾಸನೆ ಮುಚ್ಚಿದ ಡಬ್ಬದಲ್ಲಿ ಬಹಳ ದಿನ ನಿಲ್ಲುತ್ತದೆ. ಆಮೇಲೆ ನಟ್ ಬಿಗಿ ಇದೆಯೇ, ಹಸಿರು ವೈರ್ ಅಲುಗಾಡುತ್ತಿದೆಯೇ, ಕೆಳಗಿನ ತೂತಿಗೆ ಕಣಜ ಮಣ್ಣು ಮೆತ್ತಿದೆಯೇ ನೋಡಿ. ಈ ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಕೊಟ್ಟಿಗೆಯಲ್ಲಿಟ್ಟ ಡಬ್ಬದ ತೂತು ಕಣಜಕ್ಕೆ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಒಂದು ಚೂರು ಸ್ಟೀಲ್ ಜಾಲರಿ ಅಡ್ಡ ಇಟ್ಟರೆ ನೀರು ಹೋಗುತ್ತದೆ, ಕಣಜ ಬರುವುದಿಲ್ಲ.